ಡೇರಿ ಗೋಡೆಗೊಂದು ಕರಿಹಲಗೆ: ತುಮಕೂರು ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ,

ನಮಸ್ಕಾರ. ಹೊಸ ಯೋಜನೆ ಕೇಳಲು ಈ ಪತ್ರ ಬರೆಯುತ್ತಿಲ್ಲ, ಅನುದಾನವನ್ನೂ ಕೇಳುತ್ತಿಲ್ಲ. ನಾವು ಕೇಳುತ್ತಿರುವುದು ತಮ್ಮ ಒಂದು ಸುತ್ತೋಲೆ. ಜಿಲ್ಲೆಯ ಹತ್ತೂ ತಾಲ್ಲೂಕುಗಳಲ್ಲಿ ಪ್ರತಿ ಹಳ್ಳಿಯ ಹಾಲಿನ ಡೇರಿ ಗೋಡೆಗೆ ಒಂದು ಕರಿಹಲಗೆ ಇರಲಿ, ಅದರ ಮೇಲೆ ದಿನಾ ಸಂಜೆ ಆರೇಳು ಸಾಲು ಬರೆಯಲಿ, ಆ ಸಾಲುಗಳಿಗೆ ಹೊಣೆ ಹೊತ್ತ ಒಬ್ಬರ ಹೆಸರು ಕೆಳಗಿರಲಿ.

ಊರಿನವರಿಗೆ ಬೇಕಾದ ಸುದ್ದಿಯೆಲ್ಲ ಯಾರದೋ ಒಬ್ಬರ ತಲೆಯಲ್ಲೋ ಜೇಬಿನ ಡೈರಿಯಲ್ಲೋ ಇದ್ದೇ ಇರುತ್ತದೆ. ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಎನ್ನುವುದು ನೀರುಗಂಟಿಗೆ ಗೊತ್ತು. ಲೈನ್ ಯಾವಾಗ ತೆಗೆಯುತ್ತಾರೆ ಎನ್ನುವುದು ಲೈನ್‌ಮನ್‌ಗೆ ಗೊತ್ತು. ಲಸಿಕೆಯ ಗಾಡಿ ಯಾವ ದಿನ ಬರುತ್ತದೆ ಎನ್ನುವುದು ಪಶು ಆಸ್ಪತ್ರೆಗೆ, ಗ್ರಾಮಸಭೆ ಯಾವತ್ತು ಎನ್ನುವುದು ಪಿಡಿಒ ಅವರಿಗೆ ಗೊತ್ತು. ಊರಿಗೆ ಮಾತ್ರ ಎಲ್ಲವೂ ಮುಗಿದ ಮೇಲೆ ಗೊತ್ತಾಗುತ್ತದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಪ್ರಕರಣ ಇಂಥ ಮಾಹಿತಿಯನ್ನು ಯಾರೂ ಅರ್ಜಿ ಹಾಕದೆಯೇ ಹೊರಗಿಡಿ ಎನ್ನುತ್ತದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯಿಲ್ಲದೆ ಕಳೆದಿರುವಾಗ, ಈ ಮಾತನ್ನು ಅಧಿಕಾರಿಗಳಾದ ತಮ್ಮ ಮುಂದೆಯೇ ಇಡಬೇಕಾಯಿತು.

ಮೊದಲು ನೀರು, ಏಕೆಂದರೆ ಹಲಗೆಯ ಅರ್ಧ ಭಾಗ ಅದಕ್ಕೇ ಬೇಕು.

ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಆದರೆ ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ನಿಜಕ್ಕೂ ನಿರ್ಧರಿಸುವುದು ಬೋರ್‌ವೆಲ್‌ಗೆ ತ್ರೀ ಫೇಸ್ ಕರೆಂಟು ಸಿಗುವ ಸಮಯ. ಈ ವಾರ ಹಗಲು, ಮುಂದಿನ ವಾರ ರಾತ್ರಿ ಎಂದು ಪಾಳಿ ಬದಲಾದರೆ ಟ್ಯಾಂಕ್ ತುಂಬುವ ಹೊತ್ತೂ ಬದಲಾಗುತ್ತದೆ, ವಾಲ್ವ್ ತಿರುಗಿಸುವ ಹೊತ್ತೂ ಬದಲಾಗುತ್ತದೆ. ಕೂಲಿಗೆ ಹೋಗುವವರು ಮನೆಯಲ್ಲಿ ಒಬ್ಬರನ್ನು ನೀರಿಗಾಗಿಯೇ ಉಳಿಸಿಕೊಳ್ಳುವುದು ಈ ಕಾರಣಕ್ಕೆ. ಪಾಳಿ ಬದಲಾಗುವ ಹಿಂದಿನ ಸಂಜೆ ‘ಮೇಲಿನ ಬೀದಿ 6ರಿಂದ 7, ಕೆಳಗಿನ ಬೀದಿ 7ರಿಂದ 8’ ಎಂದು ಬರೆದರೆ ಆ ಒಂದು ಕೂಲಿ ಉಳಿಯುತ್ತದೆ.

ಎರಡನೆಯದು ಕ್ಲೋರಿನ್. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ‘ಹಾಕಿದ್ದೇವೆ’ ಎನ್ನುವ ಮಾತು ಹಲಗೆಗೆ ಬೇಡ. ಕೊನೆ ಮನೆಯ ನಲ್ಲಿಯಲ್ಲಿ ಎಷ್ಟು ಉಳಿದಿದೆ ಎನ್ನುವುದು ಬೇಕು. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಲೆಕ್ಕ ಕಷ್ಟದ್ದಲ್ಲ. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಕೊಟ್ಟರೆ 100 ಗ್ರಾಂ ಕ್ಲೋರಿನ್ ಬೇಕು. ಪೌಡರಿನಲ್ಲಿ ಶೇ 25ರಷ್ಟು ಕ್ಲೋರಿನ್ ಇದ್ದರೆ 400 ಗ್ರಾಂ ತೂಗಬೇಕು. ಅದೇ ಮೂಟೆಯ ಬಾಯಿ ಬಿಚ್ಚಿ ಪಂಪ್‌ಹೌಸ್ ಮೂಲೆಯಲ್ಲಿ ತಿಂಗಳುಗಟ್ಟಲೆ ಇಟ್ಟು, ತೇವ ಕುಡಿದು ಶೇ 15ಕ್ಕೆ ಇಳಿದಿದ್ದರೆ ಅದೇ ಕೆಲಸಕ್ಕೆ ಸುಮಾರು 670 ಗ್ರಾಂ ಬೇಕಾಗುತ್ತದೆ. ನೀರುಗಂಟಿ ಮಾತ್ರ ಎಂದಿನ ಡಬ್ಬಿಯಲ್ಲೇ ಅಳೆಯುತ್ತಾರೆ. ಅಳತೆ ಅದೇ, ನೀರಿಗೆ ಸೇರಿದ್ದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅವರ ತಪ್ಪಲ್ಲ ಇದು. ಮೂಟೆಯ ಮೇಲೆ ಬಿಚ್ಚಿದ ತಾರೀಕು ಬರೆಯಿರಿ, ಉಳಿದದ್ದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯಿರಿ ಎಂದು ಯಾರಾದರೂ ಹೇಳಿಕೊಡಬೇಕಲ್ಲವೇ?

ಹಾಕುವ ಕ್ರಮದಲ್ಲೂ ಎಡವಟ್ಟಾಗುತ್ತದೆ. ಒಣ ಪೌಡರನ್ನು ನೇರ ಟ್ಯಾಂಕಿಗೆ ಸುರಿದರೆ ಅದರಲ್ಲಿರುವ ಸುಣ್ಣ ತಳಕ್ಕೆ ಕೂರುತ್ತದೆ, ವರ್ಷದೊಳಗೆ ಅದೇ ಒಂದು ಪದರವಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕು, ಆಮೇಲೆ ಬಕೆಟ್ ಮುಕ್ಕಾಲು ತುಂಬುವಷ್ಟು ನೀರು ಸೇರಿಸಿ ಚೆನ್ನಾಗಿ ಕಲಕಿ ಹತ್ತು ನಿಮಿಷ ಬಿಡಬೇಕು. ಮೇಲೆ ನಿಂತ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ತಳದ ಸುಣ್ಣವನ್ನು ಹೊರಗೆ ಚೆಲ್ಲಬೇಕು. ಅದೂ ಟ್ಯಾಂಕ್ ತುಂಬುತ್ತಿರುವಾಗಲೇ ಹಾಕಬೇಕು. ತುಂಬಿ ನಿಂತ ನೀರಿಗೆ ಮೇಲಿಂದ ಸುರಿದರೆ ಸರಿಯಾಗಿ ಬೆರೆಯುವುದಿಲ್ಲ. ಒಂದು ಬೀದಿಗೆ ಮೂಗು ಕಟ್ಟುವ ವಾಸನೆ, ಇನ್ನೊಂದು ಬೀದಿಗೆ ಏನೂ ಇಲ್ಲ. ಹಾಕಿದ ಮೇಲೆ ಕನಿಷ್ಠ ಅರ್ಧ ಗಂಟೆ ಕಾದು ವಾಲ್ವ್ ತೆಗೆಯಬೇಕು. ನಂತರ ಕೊನೆ ಮನೆಯ ನಲ್ಲಿಯ ನೀರನ್ನು ಕ್ಲೋರೋಸ್ಕೋಪಿನ ಕೊಳವೆಗೆ ತುಂಬಿ ಆರ್ಥೋಟಾಲಿಡಿನ್ ಹನಿ ಬಿಟ್ಟು, ಹಳದಿ ಬಣ್ಣವನ್ನು ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ನೋಡಿದರೆ ಮುಗಿಯಿತು. ಬಣ್ಣವೇ ಬರದಿದ್ದರೆ ಮೂರರಲ್ಲಿ ಒಂದು: ಪೌಡರ್ ಸತ್ತಿದೆ, ಟ್ಯಾಂಕಿನ ತಳದಲ್ಲಿ ಕೆಸರಿದೆ, ಇಲ್ಲವೇ ನಡುವೆ ಎಲ್ಲೋ ಪೈಪ್ ಒಡೆದು ಚರಂಡಿ ನೀರು ಸೇರುತ್ತಿದೆ.

ಮೂರನೆಯದೇ ಅಪಾಯದ್ದು. ದಿನಕ್ಕೆ ಒಂದೇ ಗಂಟೆ ನೀರು ಬಿಡುವ ಊರಿನಲ್ಲಿ ಉಳಿದ 23 ಗಂಟೆ ಪೈಪು ಖಾಲಿ ಬಿದ್ದಿರುತ್ತದೆ. ವಾಲ್ವ್ ಗುಂಡಿಯಲ್ಲಿ ನಿಂತ ಕೊಚ್ಚೆ ಸಡಿಲ ಜಾಯಿಂಟಿನ ಮೂಲಕ ಒಳಗೆ ಇಳಿಯುತ್ತದೆ. ನಲ್ಲಿಗೆ ನೇರವಾಗಿ ಮೋಟಾರ್ ಹಾಕಿ ಎಳೆಯುವವರಿದ್ದರೆ ಆ ಎಳೆತಕ್ಕೆ ಇನ್ನಷ್ಟು ಬರುತ್ತದೆ. ಆದ್ದರಿಂದ ಹಲಗೆಯ ಮೇಲೆ ಒಂದು ಸಾಲು ಕಾಯಂ ಆಗಿ ಬಣ್ಣದಲ್ಲೇ ಬರೆಸಿ: ‘ಮೊದಲ ಎರಡು ಬಿಂದಿಗೆ ಗಿಡಕ್ಕೆ ಹಾಕಿ; ದನಕ್ಕೆ ಬೇಡ, ಕುಡಿಯಲು ಬೇಡ.’

ಟ್ಯಾಂಕ್ ತೊಳೆದ ತಾರೀಕೂ ಹಲಗೆಗೆ ಬರಲಿ. ಈಗ ಟ್ಯಾಂಕಿನ ಮೈಮೇಲೆ ಉದ್ಘಾಟನೆಯ ತಾರೀಕು, ಉದ್ಘಾಟಿಸಿದವರ ಹೆಸರು ಮೈಲಿ ದೂರಕ್ಕೆ ಕಾಣುತ್ತದೆ. ತೊಳೆದ ತಾರೀಕಿಗೆ ಜಾಗವೇ ಬಿಟ್ಟಿರುವುದಿಲ್ಲ.

ಪಾವಗಡ, ಸಿರಾ, ಮಧುಗಿರಿ ಕಡೆ ಇನ್ನೊಂದು ವಿಚಾರವಿದೆ, ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಅದೇ ಮಾನದಂಡ. ಬ್ಲೀಚಿಂಗ್ ಪೌಡರಿನಿಂದ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ‘ಕಾಯಿಸಿ ಆರಿಸಿ ಕುಡಿಯಿರಿ’ ಎಂಬ ಒಳ್ಳೆಯ ಸಲಹೆಯನ್ನು ಎಲ್ಲ ಊರಿಗೂ ಒಂದೇ ಸಮ ಹಂಚುವಾಗ ಇದು ಮರೆತುಹೋಗುತ್ತದೆ. ಮಕ್ಕಳ ಕಾಯಂ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲೇ ಕಲೆ ಬೀಳುವುದರಿಂದ ಅಂಗನವಾಡಿ ಮತ್ತು ಶಾಲೆಯ ನಲ್ಲಿಯ ಅಂಕಿ ಮೊದಲು ಬೇಕು. 1.5 ದಾಟಿದ ಬೋರ್‌ವೆಲ್‌ಗೆ, ಅದರಿಂದ ತುಂಬುವ ತೊಂಬೆಗೆ ಕೆಂಪು ಬಣ್ಣ ಬಳಿದು ‘ಕುಡಿಯಲು ಅಲ್ಲ, ಬಳಸಲು ಮಾತ್ರ’ ಎಂದು ಬರೆಸಿ. ಒಂದು ಡಬ್ಬಿ ಬಣ್ಣದ ಖರ್ಚು.

ಇನ್ನು ಶುದ್ಧ ಕುಡಿಯುವ ನೀರಿನ ಘಟಕಗಳು. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ, ಆದರೆ ತುಂಬಿದ್ದು ಎಂಥ ನೀರು ಎಂದು ತಿಳಿಯುವ ಬಗೆ ಏನು? ಫ್ಲೋರೈಡನ್ನು ದಿನಾ ಅಳೆಯಲಾಗದು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಒಟ್ಟು ಪ್ರಮಾಣ) ಅಳೆಯಬಹುದು. ಪೆನ್ನಿನಷ್ಟು ಉದ್ದದ ಮೀಟರು ಸಾಕು. ಒಳಗೆ ಹೋಗುವ ನೀರು 1,200 ಇದ್ದು ಹೊರಗೆ ಬರುವುದು 80ರ ಆಸುಪಾಸಿನಲ್ಲಿದ್ದರೆ ನೀರು ಸೋಸುವ ಮೆಂಬ್ರೇನ್ ಚೆನ್ನಾಗಿದೆ. ಹೊರಗಿನದು ಒಳಗಿನದರ ಹತ್ತನೇ ಒಂದು ಭಾಗ ದಾಟಿ ವಾರವಾರವೂ ಏರುತ್ತಿದ್ದರೆ ಮೆಂಬ್ರೇನ್ ಸೋತಿದೆ, ಇಲ್ಲವೇ ಓ-ರಿಂಗ್ (ರಬ್ಬರ್ ಬಳೆ) ಕಡಿದು ಬೋರ್‌ವೆಲ್ ನೀರೇ ಪಕ್ಕದಿಂದ ನುಸುಳುತ್ತಿದೆ. ಎರಡರಲ್ಲಿ ಯಾವುದಾದರೂ ಫ್ಲೋರೈಡೂ ಜೊತೆಗೇ ದಾಟುತ್ತಿದೆ ಎಂದೇ ತಿಳಿಯಬೇಕು. ಘಟಕದ ಬಾಗಿಲಿಗೆ ನಾಲ್ಕು ಖಾನೆ ಬರೆಸಿ: ಒಳನೀರಿನ ಟಿಡಿಎಸ್, ಹೊರನೀರಿನ ಟಿಡಿಎಸ್, ಕಾರ್ಟ್ರಿಡ್ಜ್ ಬದಲಿಸಿದ ದಿನ, ಪ್ರಯೋಗಾಲಯದ ಕೊನೆಯ ಫ್ಲೋರೈಡ್ ಅಂಕಿ. ಗುತ್ತಿಗೆದಾರರು ಬಂದು ಹೋದದ್ದಕ್ಕೂ ಬರದೇ ಇದ್ದದ್ದಕ್ಕೂ ಆ ಬಾಗಿಲೇ ಸಾಕ್ಷಿ ಹೇಳುತ್ತದೆ.

ಇದನ್ನೆಲ್ಲ ಅಳೆಯುವವರು ಯಾರು ಎಂದು ತಾವು ಕೇಳಬಹುದು. ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ಕಿಟ್ಟಿನ ರಾಸಾಯನಿಕಕ್ಕೂ ಅವಧಿಯಿರುತ್ತದೆ. ಮುಗಿದ ಬಾಟಲಿಯಲ್ಲಿ ಮಾಡಿದ ಪರೀಕ್ಷೆ ಸುಳ್ಳು ಸಮಾಧಾನ ಕೊಡುತ್ತದೆ, ಅದು ಪರೀಕ್ಷೆ ಮಾಡದೇ ಇರುವುದಕ್ಕಿಂತ ಕೆಟ್ಟದ್ದು. ಬಾಟಲಿ ಹೊಸದಾಗಿ ಕೊಡಿಸಿ, ಅವರ ಹೊತ್ತಿಗೆ ಸಂಭಾವನೆ ಕೊಡಿ, ಅಂಕಿಯನ್ನು ಅವರ ಕೈಯಲ್ಲೇ ಬರೆಸಿ.

ಹಲಗೆ ಡೇರಿಯ ಗೋಡೆಗೇ ಏಕೆ ಎಂದರೆ, ಪಂಚಾಯಿತಿ ಕಚೇರಿ ಇರುವುದು ಒಂದೇ ಊರಿನಲ್ಲಿ, ಅದರ ಕೆಳಗೆ ಬರುವ ಊರುಗಳು ಹಲವು. ಡೇರಿಗಾದರೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಸುವಿರುವ ಮನೆಯಿಂದ ಒಬ್ಬರಾದರೂ ಕ್ಯಾನ್ ಹಿಡಿದು ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ನಿಂತವರು ಓದುತ್ತಾರೆ. ಡೇರಿ ಸಹಕಾರ ಸಂಘದ್ದಾದ್ದರಿಂದ ತಮ್ಮ ಸುತ್ತೋಲೆ ಅಲ್ಲಿಗೆ ನಡೆಯುವುದಿಲ್ಲ, ಜಿಲ್ಲಾ ಹಾಲು ಒಕ್ಕೂಟವಾದ ತುಮುಲ್‌ಗೆ ಒಂದು ಕೋರಿಕೆ ಪತ್ರ ಬೇಕಾಗುತ್ತದೆ. ಹಸು ಸಾಕದ ಮನೆಗಳೇ ಹೆಚ್ಚಿರುವ ಕೇರಿಗಳಿಗೆ ಮಾತ್ರ ಡೇರಿ ಸಾಲದು, ಅಂಗನವಾಡಿ ಗೋಡೆಗೂ ಇನ್ನೊಂದು ಹಲಗೆ ಹಾಕಲೇಬೇಕು. ಇದನ್ನು ಬಿಟ್ಟರೆ ಸುದ್ದಿ ಮತ್ತೆ ಊರ ಒಂದು ಭಾಗಕ್ಕಷ್ಟೇ ತಲುಪುತ್ತದೆ.

ನಾಲ್ಕಡಿ ಅಗಲ, ಮೂರಡಿ ಎತ್ತರ ಸಾಕು. ಎನಾಮಲ್ ಹೊಡೆದರೆ ಹೊಳೆಯುತ್ತದೆ, ಸೀಮೆಸುಣ್ಣ ಕೂರುವುದಿಲ್ಲ. ಬ್ಲ್ಯಾಕ್‌ಬೋರ್ಡ್ ಪೇಂಟನ್ನೇ ಹೊಡೆಸಬೇಕು. ಸೂರಿನ ಕೆಳಗೆ, ಎರಚಲು ಬಡಿಯದ ಕಡೆ ಇರಲಿ. ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಾದ್ದರಿಂದ ಎರಡು ಅಂಗುಲದ ಅಕ್ಷರಕ್ಕೆ ಮೂರೂವರೆ ಅಂಗುಲದ ಸಾಲು ಹಿಡಿದರೆ ಹತ್ತು ಸಾಲು ಹಿಡಿಸುತ್ತದೆ. ಎಡಗಡೆಯ ಮೂರನೇ ಒಂದು ಭಾಗ ಬಣ್ಣದಲ್ಲಿ ಬರೆದ ಕಾಯಂ ವಿಷಯ, ಉಳಿದದ್ದು ದಿನದ್ದು. ಅಂಟಿಸುವ ಕಾಗದ ಬೇಡ. ಮಳೆಗೆ ನೆನೆಯುತ್ತದೆ, ಮೇಕೆ ತಿನ್ನುತ್ತದೆ, ಹಳೆಯದರ ಮೇಲೆ ಹೊಸದು ಅಂಟಿ ಯಾವುದು ಈ ವಾರದ್ದು ಎಂದೇ ತಿಳಿಯುವುದಿಲ್ಲ.

ಬರೆಯುವ ರೀತಿಗೆ ಒಂದೇ ಕಟ್ಟುನಿಟ್ಟು: ‘ನಾಳೆ’, ‘ಇಂದು’ ಎಂದು ಬರೆಯಕೂಡದು. ‘14ನೇ ತಾರೀಕು ಬುಧವಾರ’ ಎಂದೇ ಬರೆಯಬೇಕು. ಹಲಗೆಯ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗಿಯೇ ಹೋಗುತ್ತದೆ, ಹೋಗಲಿ, ಒಳ್ಳೆಯದೇ. ಆದರೆ ‘ನಾಳೆ ನೀರು ಬರುವುದಿಲ್ಲ’ ಎಂಬ ಫೋಟೊ ಮೂರು ದಿನ ಬಿಟ್ಟು ಯಾರೋ ಮತ್ತೆ ಕಳಿಸಿದಾಗ ಊರೆಲ್ಲ ಡ್ರಮ್ಮು ತುಂಬಿಸಿಕೊಳ್ಳಲು ಹೊರಡುತ್ತದೆ. ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಕಸದ ಗಾಡಿಯಿದೆ. ಸ್ವಚ್ಛವಾಹಿನಿಯ ಮೈಕಿನಲ್ಲಿ ಅದೇ ಹಾಡು ದಿನವೂ ತಿರುಗುತ್ತದೆ. ಹಾಡು ನಿಲ್ಲಿಸಿ ಅರ್ಧ ನಿಮಿಷ ಹಲಗೆಯ ಸಾಲುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹಾಕಿದರೆ ಡಂಗುರಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ಗಾಡಿ ಓಡಿಸುವ ಹೆಣ್ಣುಮಕ್ಕಳಿಗೆ ಮನೆಮನೆಯೂ ಪರಿಚಯ.

ದನಕರುಗಳ ವಿಷಯಕ್ಕೆ ಬಂದರೆ, ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸುತ್ತು ಬರುತ್ತದೆ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಐಸ್ ಡಬ್ಬಿ ಹಿಡಿದು ಬಂದವರು ದನ ಮೇಯಲು ಹೋಗಿದೆ ಎಂದರೆ ಸಂಜೆವರೆಗೆ ಕಾಯಲಾರರು, ತೆರೆದ ಬಾಟಲಿಯನ್ನು ಮರುದಿನಕ್ಕೆ ಇಡಲಾರರು. ಹಿಂದಿನ ಸಂಜೆ ಹಲಗೆಯಲ್ಲಿ ‘16ನೇ ತಾರೀಕು ಶುಕ್ರವಾರ ಬೆಳಿಗ್ಗೆ 7ಕ್ಕೆ ಲಸಿಕೆ, ದನ ಬಿಡಬೇಡಿ, ನಾಲ್ಕು ತಿಂಗಳು ದಾಟಿದ ಕರುವನ್ನೂ ಕಟ್ಟಿರಿ’ ಎಂದಿದ್ದರೆ ಆ ಗಾಡಿ ಖಾಲಿ ತಿರುಗುವುದಿಲ್ಲ. ಚುಚ್ಚಿಸಲು ಹಿಂಜರಿಯುವವರು ಹೇಳುವುದು ಒಂದೇ ಕಾರಣ, ಹಾಲು ಕಡಿಮೆಯಾಗುತ್ತದೆ ಎಂದು. ಅದನ್ನು ಮುಚ್ಚಿಡಬೇಡಿ. ‘ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು, ಮತ್ತೆ ಬರುತ್ತದೆ, ದಿನ ತುಂಬಿದ ಗಬ್ಬದ ಹಸು ಇದ್ದರೆ ಮೊದಲೇ ಹೇಳಿ’ ಎಂದು ಬರೆದರೆ ಜನ ನಂಬುತ್ತಾರೆ.

ಜಾತ್ರೆಗೂ ಇದಕ್ಕೂ ನಂಟಿದೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಊರೂರಿನ ಎತ್ತುಗಳು ಒಂದೇ ಬಯಲಿನಲ್ಲಿ ಸೇರುತ್ತವೆ. ಲಸಿಕೆ ಹಾಕಿದ ಮೇಲೆ ರಕ್ಷಣೆ ಬರಲು ಎರಡು ಮೂರು ವಾರ ಹಿಡಿಯುತ್ತದೆ. ಜಾತ್ರೆಗೆ ಹೊರಡುವ ಹಿಂದಿನ ದಿನ ಚುಚ್ಚಿಸಿದರೆ ಏನೂ ಪ್ರಯೋಜನವಿಲ್ಲ. ಹಾಗಾಗಿ ‘ಜಾತ್ರೆಗೆ ಹೊಡೆಯುವ ಎತ್ತಿಗೆ ಈ ವಾರವೇ ಲಸಿಕೆ’ ಎಂಬ ಸಾಲು ಶಿವರಾತ್ರಿಗೆ ಒಂದು ತಿಂಗಳು ಮೊದಲೇ ಎಲ್ಲ ಹಲಗೆಗಳಲ್ಲಿ ಕಾಣಬೇಕು. ಪಶು ಆಂಬುಲೆನ್ಸಿನ 1962 ಎಡಗಡೆಯ ಕಾಯಂ ಪಟ್ಟಿಗೆ ಸೇರಲಿ.

ಕರೆಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿದ್ಯುತ್ ನಿಲುಗಡೆಯ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಆದರೆ ಬರುವುದು ಉಪಕೇಂದ್ರ ಮತ್ತು ಫೀಡರ್ (ಅಲ್ಲಿಂದ ಊರಿಗೆ ಕರೆಂಟು ತರುವ ಲೈನ್) ಹೆಸರಿನಲ್ಲಿ. ತಮ್ಮೂರು ಯಾವ ಫೀಡರಿನಲ್ಲಿದೆ ಎಂದು ಊರಿನಲ್ಲಿ ಕೇಳಿ ನೋಡಿ, ಪಂಪ್‌ಸೆಟ್ ಇರುವ ನಾಲ್ವರು ಬಿಟ್ಟರೆ ಯಾರೂ ಹೇಳಲಾರರು. ಫೀಡರ್ ಹೆಸರು, ಟಿಸಿ (ಟ್ರಾನ್ಸ್‌ಫಾರ್ಮರ್) ನಂಬರ್, ಕರೆಂಟಿನ ದೂರಿಗೆ 1912, ಇವು ಮೂರನ್ನೂ ಎಡಗಡೆ ಬಣ್ಣದಲ್ಲಿ ಬರೆಸಿ. ದೂರು ಕೊಡುವಾಗ ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಹೇಳಿ, ದೂರಿನ ನಂಬರ್ ಬರೆದುಕೊಳ್ಳಬೇಕು; ನಂಬರಿಲ್ಲದ ದೂರಿಗೆ ಹಿಂದೆ ಮುಂದೆ ಯಾರೂ ಇರುವುದಿಲ್ಲ. ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಇರುವ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜ್ ಕುಸಿದು ಟಿಸಿ ಸುಡುತ್ತದೆ, ಆಮೇಲೆ ಕುಡಿಯುವ ನೀರಿನ ಮೋಟಾರೂ ನಿಲ್ಲುತ್ತದೆ. ಬೇಸಿಗೆಗೆ ಮೊದಲು ಇದನ್ನೊಂದು ವಾರ ಹಲಗೆಯಲ್ಲಿ ಬರೆಸಿದರೆ ಉಪಯೋಗವಿದೆ. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇರುವ ಜಿಲ್ಲೆ ನಮ್ಮದು. ಪಕ್ಕದೂರಿನವರಿಗೆ ಕರೆಂಟು ಎಷ್ಟು ಹೊತ್ತಿಗೆ ಎಂದು ತಿಳಿಸುವುದು ಅಷ್ಟು ಕಷ್ಟದ ಕೆಲಸವಾಗಬಾರದು.

ಮಳೆಯ ಅಂಕಿಯಂತೂ ಕೈಗೆ ಸಿಕ್ಕಿಯೂ ಬಾಯಿಗೆ ಬಾರದ ತುತ್ತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಬೆಂಗಳೂರಿಗೆ ತಾನಾಗಿಯೇ ಅಂಕಿ ಕಳಿಸುವ ಆ ಕಂಬದ ಪಕ್ಕದಲ್ಲೇ ಓಡಾಡುವವರಿಗೆ ನಿನ್ನೆ ಎಷ್ಟು ಮಿಲಿಮೀಟರ್ ಬಿತ್ತು ಎಂದು ತಿಳಿಯುವುದಿಲ್ಲ. ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗಿನ ಅಂಕಿ ಹಲಗೆಗೆ ಬರಲಿ. ಕಡಲೆಕಾಯಿ ಬಿತ್ತುವವರು ಹದ ನೋಡುವುದು ಮಣ್ಣು ಹಿಡಿದೇ, ಅದು ಹಾಗೇ ಇರಲಿ. ಆದರೆ ಬೆಳೆ ವಿಮೆಯ ಮಾತು ಬಂದಾಗ, ಚೆಕ್‌ಡ್ಯಾಮಿಗೆ ಎಷ್ಟು ನೀರು ಬಂದಿರಬಹುದು ಎಂದು ಲೆಕ್ಕ ಹಾಕುವಾಗ ಅಂಕಿಯೇ ಬೇಕು. 10 ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 40 ಸಾವಿರ ಲೀಟರ್. ಮಾಪಕವಿಲ್ಲದ ಊರಿನಲ್ಲಿ ನೆಟ್ಟಗಿನ ಗೋಡೆಯ ಡಬ್ಬಿಯನ್ನು ಮರ, ಸೂರು ಅಡ್ಡವಿಲ್ಲದ ಬಯಲಿನಲ್ಲಿಟ್ಟು, ಬೆಳಿಗ್ಗೆ ಸ್ಕೇಲ್ ಇಳಿಸಿ ನಿಂತ ನೀರಿನ ಆಳ ನೋಡಿದರೂ ಅಂದಾಜು ಸರಿಯಾಗಿಯೇ ಸಿಗುತ್ತದೆ. ಶಾಲೆಯ ಮಕ್ಕಳು ಮಾಡುವ ಕೆಲಸ.

ಎಡಗಡೆಯ ಪಟ್ಟಿಯಲ್ಲಿ ಆರೋಗ್ಯಕ್ಕೆ ಎರಡೇ ಸಾಲು. ಹಾವು ಕಚ್ಚಿದರೆ ರಾತ್ರಿ ಹೊತ್ತೂ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದು ಎನ್ನುವುದು ಒಂದು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು, ಅಂದರೆ ಔಷಧದ ದಾಸ್ತಾನಿನ ಲೆಕ್ಕ ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ತರಿಸಿಕೊಳ್ಳುವುದು ಈಗ ಸುಲಭವಾಗಬೇಕು. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗಿಸದೆ 108ರಲ್ಲಿ ಕರೆದೊಯ್ಯಿರಿ ಎಂಬುದನ್ನೂ ಅದರ ಜೊತೆಗೇ ಬರೆಸಿ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಲಸಿಕೆ, ಇದು ಇನ್ನೊಂದು.

ಗ್ರಾಮಸಭೆಯ ಮಾತಿಲ್ಲದೆ ಈ ಪತ್ರ ಮುಗಿಯದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ನಡೆಯುತ್ತವೆ, ಕೂಲಿಯವರು ಹೊಲದಲ್ಲಿರುವ ಬೆಳಿಗ್ಗೆ ಹನ್ನೊಂದು ಗಂಟೆಗೆ. ವಾರಕ್ಕೆ ಮೊದಲೇ ಹಲಗೆಯಲ್ಲಿ ತಾರೀಕು, ಹೊತ್ತು, ಜಾಗ ಬರೆಯುವುದು ಅರ್ಧ ಕೆಲಸ. ಉಳಿದರ್ಧ ಇದು: ಕಳೆದ ಸಭೆಯಲ್ಲಿ ಒಪ್ಪಿಕೊಂಡ ಮೂರು ಕೆಲಸ, ಪ್ರತಿಯೊಂದರ ಮುಂದೆ ‘ಆಗಿದೆ’, ‘ನಡೆಯುತ್ತಿದೆ’, ‘ಆಗಿಲ್ಲ, ಕಾರಣ ಇಂಥದ್ದು’. ಕಾರಣ ಬರೆಯಲು ಮುಜುಗರವಾಗುತ್ತದೆ, ನಿಜ. ಬರೆಯದಿದ್ದರೆ ಅದೇ ಪ್ರಶ್ನೆ ಮುಂದಿನ ಸಭೆಯಲ್ಲಿ ಗಲಾಟೆಯಾಗಿ ಬರುತ್ತದೆ.

ಬರೆಯುವ ಹೊಣೆಯನ್ನು ಪಿಡಿಒ ಮೇಲೆ ಹೊರಿಸಬೇಡಿ, ಅವರಿಗೆ ಈಗಿರುವುದೇ ಸಾಕಷ್ಟಿದೆ. ಹಲಗೆಗೊಬ್ಬರು ಬರೆಯುವವರು, ಅವರಿಲ್ಲದ ದಿನ ಬರೆಯಲು ಇನ್ನೊಬ್ಬರು ಸಾಕು. ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು ಸಂಜೆ ಐದರೊಳಗೆ ನೀರುಗಂಟಿ, ಲೈನ್‌ಮನ್, ಆಶಾ ಕಾರ್ಯಕರ್ತೆ, ಪಶು ಆಸ್ಪತ್ರೆ ಇಷ್ಟು ಜನರಿಗೆ ಫೋನ್ ಮಾಡಿ ಬಂದದ್ದನ್ನು ಎಲ್ಲ ಊರಿನ ಬರೆಯುವವರಿಗೆ ಒಂದೇ ಸಂದೇಶದಲ್ಲಿ ಕಳಿಸಬಹುದು. ಸುದ್ದಿಯಿಲ್ಲದ ದಿನ ತಾರೀಕು ಹಾಕಿ ‘ಬದಲಾವಣೆ ಇಲ್ಲ’ ಎಂದು ಬರೆಯಬೇಕು. ಹಳೆಯ ತಾರೀಕು ನಾಲ್ಕು ದಿನ ಉಳಿದರೆ ಐದನೇ ದಿನದಿಂದ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ.

ದಯವಿಟ್ಟು ಒಂದನ್ನು ಮಾತ್ರ ಮಾಡಬೇಡಿ: ಹಲಗೆಯ ಫೋಟೊವನ್ನು ದಿನಾ ಆ್ಯಪಿಗೆ ಹಾಕಿ ಎಂದು ಆದೇಶಿಸಬೇಡಿ. ಹಾಗೆ ಮಾಡಿದ ಮರುದಿನದಿಂದ ಅದು ಫೋಟೊಕ್ಕಾಗಿ ಬರೆಯುವ ಹಲಗೆಯಾಗುತ್ತದೆ. ಮೊದಲು ತಾಲ್ಲೂಕಿಗೊಂದರಂತೆ ಹತ್ತು ಪಂಚಾಯಿತಿಗಳಲ್ಲಿ ಮೂರು ತಿಂಗಳು ನಡೆಸಿ. ನಡುವೆ ಯಾವುದಾದರೂ ರಾತ್ರಿ ಎಂಟು ಗಂಟೆಗೆ ತಮ್ಮ ಕಚೇರಿಯಿಂದ ಆ ಊರುಗಳ ನಾಲ್ಕು ಮನೆಗೆ ಫೋನ್ ಮಾಡಿಸಿ, ನಿಮ್ಮ ಬೀದಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿಸಿ. ಕೂಲಿಗೆ ಹೋಗುವ ಮನೆಯೊಂದು, ಕೇರಿಯ ಮನೆಯೊಂದು ಆ ನಾಲ್ಕರಲ್ಲಿ ಇರಲಿ. ನಾಲ್ಕರಲ್ಲಿ ಮೂರು ಮನೆಯವರು ಸರಿಯಾಗಿ ಹೇಳಿದರೆ ಉಳಿದ ಪಂಚಾಯಿತಿಗಳಿಗೂ ವಿಸ್ತರಿಸಿ. ಮುಂಗಾರು ಹಿಡಿಯುವ ಮೊದಲೇ ಹಲಗೆ ಗೋಡೆಗೇರಿದರೆ ಹೊಸ ನೀರು ಬಂದು ವಾಂತಿಭೇದಿ ಶುರುವಾಗುವ ಹೊತ್ತಿಗೆ ಕ್ಲೋರಿನ್ ಸಾಲು ಓದುವ ಅಭ್ಯಾಸ ಜನರಿಗೆ ಆಗಿರುತ್ತದೆ.

ಇಂತಿ,
ಜಿಲ್ಲೆಯ ಹಳ್ಳಿಗಳಲ್ಲಿ ನೀರು, ದನಕರು, ಕರೆಂಟಿನ ಕೆಲಸ ಬಲ್ಲ ಕೆಲವು ನಿವಾಸಿಗಳು